ತಾರಸಿಯ ಮೇಲೊಂದು ನೀಹಾರಿಕೆ

ಜನವರಿಯ ಒಂದು ರಾತ್ರಿ ಊಟ ಮುಗಿಸಿ ನಿಮ್ಮ ಮನೆಯ ತಾರಸಿಗೆ ಹೋಗಿ ನಿಲ್ಲಿ. ಮನೆ ರಾಜಾಜಿನಗರದಲ್ಲಿರಲಿ, ವಿಜಯನಗರದಲ್ಲಿರಲಿ, ಬಸವೇಶ್ವರನಗರದಲ್ಲಿರಲಿ, ಕಾಣುವುದು ಹೆಚ್ಚುಕಡಿಮೆ ಒಂದೇ. ನೆತ್ತಿಯ ಸುತ್ತ ಬೆರಳೆಣಿಕೆಯ ನಕ್ಷತ್ರಗಳು, ಕೆಳಗೆ ಬಂದಂತೆ ಬೂದುಬಣ್ಣದ ಮಬ್ಬು. ಆ ನಕ್ಷತ್ರಗಳಲ್ಲಿ ಮೂರು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅದು ಮಹಾವ್ಯಾಧನ ನಡುಪಟ್ಟಿ. ಪಟ್ಟಿಯಿಂದ ಇಳಿಬಿದ್ದ ಕತ್ತಿಯ ನಡುವೆ ಮಸುಕಾದ ಒಂದು ಚುಕ್ಕೆಯಿದೆ. ಅದು ಚುಕ್ಕೆಯಲ್ಲ, ನೀಹಾರಿಕೆ. ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲರಾಶಿ.

ಇಷ್ಟು ಬೆಳಕು ತುಂಬಿದ ಊರಿನಿಂದ ಅಂಥದರ ಚಿತ್ರ ತೆಗೆಯಲು ಸಾಧ್ಯವೆ? ಸಾಧ್ಯ. ಅದು ಹೇಗೆಂಬ ಉತ್ತರದ ಅರ್ಧಭಾಗ ಇಂದಿನ ಕ್ಯಾಮೆರಾದಲ್ಲಿದೆ, ಇನ್ನರ್ಧ 1864ರ ಒಂದು ರಾತ್ರಿಯಲ್ಲಿದೆ.

ಮೊದಲು ನಮ್ಮ ಬೆಳಕಿನ ಮಾತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ರೂಪುಗೊಂಡ ಶಿವನಸಮುದ್ರದ ಯೋಜನೆ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಟ್ಟಿತು. 1905ರ ಆಗಸ್ಟ್ 5ರಂದು ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ನಾವು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದ್ದೇ. ಆಗ ರಾಜಾಜಿನಗರವೆಂಬ ಹೆಸರೇ ಇರಲಿಲ್ಲ. ಕೇತಮಾರನಹಳ್ಳಿಯಂಥ ಹಳ್ಳಿಗಳು, ಹೊಲಗಳು, ಅವುಗಳ ಮೇಲೆ ಕಪ್ಪು ಆಕಾಶ. ನಾನು ಶಾಲೆಯಲ್ಲಿದ್ದ ಕಾಲಕ್ಕೆ ಆ ಆಕಾಶ ವಿದ್ಯುತ್ ಕಡಿತದ ರಾತ್ರಿಗಳಲ್ಲಿ ಮಾತ್ರ ಮರಳುತ್ತಿತ್ತು. ಕರೆಂಟ್ ಹೋದರೆ ನಮ್ಮ ತಂದೆ ಚಾಪೆ ಎತ್ತಿಕೊಂಡು ತಾರಸಿಗೆ ನಡೆಯುತ್ತಿದ್ದರು. ಪರೀಕ್ಷೆಯ ಹಿಂದಿನ ದಿನವಾದರೂ ಸರಿ, ಕರೆಂಟ್ ಬೇಗ ಬರದಿರಲಿ ಎಂದು ನಾನು ಹಾರೈಸುತ್ತಿದ್ದೆ.

ಈಗ 1864ರ ಆಗಸ್ಟ್ 29ಕ್ಕೆ ಬನ್ನಿ. ಲಂಡನ್ನಿನ ಹೊರವಲಯದ ಟಲ್ಸ್ ಹಿಲ್ ಎಂಬ ಬಡಾವಣೆ. ಅಲ್ಲಿ ವಿಲಿಯಂ ಹಗಿನ್ಸ್ ಎಂಬಾತ ತನ್ನ ಮನೆಯ ಆವರಣದಲ್ಲೇ ವೀಕ್ಷಣಾಲಯ ಕಟ್ಟಿಕೊಂಡಿದ್ದ. ರೇಷ್ಮೆ ಬಟ್ಟೆ ವ್ಯಾಪಾರದ ಮನೆತನ. ಅಂಗಡಿ ಮಾರಿ ದೂರದರ್ಶಕ ಹಿಡಿದವನು. ಕಾಲೇಜಿನ ಪ್ರಾಧ್ಯಾಪಕನಲ್ಲ, ಸರ್ಕಾರಿ ಖಗೋಳಜ್ಞನೂ ಅಲ್ಲ. ನೀಹಾರಿಕೆಗಳ ಬಗ್ಗೆ ಅಂದು ದೊಡ್ಡ ತಕರಾರಿತ್ತು. ಅವೆಲ್ಲ ಬಹುದೂರದ ನಕ್ಷತ್ರಗುಚ್ಛಗಳು, ಇನ್ನೂ ದೊಡ್ಡ ದೂರದರ್ಶಕ ಬಂದರೆ ಬಿಡಿಬಿಡಿಯಾಗಿ ಕಾಣುತ್ತವೆ ಎಂದು ಒಂದು ಪಕ್ಷ. ಅಲ್ಲ, ಕೆಲವಾದರೂ ನಿಜವಾದ ಅನಿಲ ಎಂದು ಇನ್ನೊಂದು.

ಹಗಿನ್ಸ್ ದೂರದರ್ಶಕಕ್ಕೆ ರೋಹಿತದರ್ಶಕ ಜೋಡಿಸಿ ಡ್ರೇಕೋ ತಾರಾಪುಂಜದ ಪುಟ್ಟ ನೀಹಾರಿಕೆಯೊಂದರತ್ತ ತಿರುಗಿಸಿದ. ನಕ್ಷತ್ರದ ಬೆಳಕಾದರೆ ಕಾಮನಬಿಲ್ಲಿನಂತೆ ಉದ್ದಕ್ಕೆ ಹರಡಬೇಕು. ಅವನಿಗೆ ಕಂಡದ್ದು ಪ್ರಕಾಶಮಾನವಾದ ಒಂದು ಗೆರೆ. ಉಪಕರಣವೇ ಕೆಟ್ಟಿತೇನೋ ಎಂಬ ಅನುಮಾನ ಬಂತು. ಮತ್ತೆ ನೋಡಿದಾಗ ಪಕ್ಕದಲ್ಲಿ ಇನ್ನೆರಡು ತೆಳು ಗೆರೆಗಳು ಸಿಕ್ಕವು, ಉಳಿದೆಲ್ಲ ಕತ್ತಲೆ. ಹೀಗೆ ಗೆರೆಗೆರೆಯಾಗಿ ಬೆಳಗುವುದು ಬಿಸಿಯಾದ ವಿರಳ ಅನಿಲ ಮಾತ್ರ. ಇಷ್ಟು ವರ್ಷಗಳ ತಕರಾರು ಆ ನೀಹಾರಿಕೆಯ ಮಟ್ಟಿಗೆ ಒಂದೇ ರಾತ್ರಿಯಲ್ಲಿ ತೀರಿತು.

ಒಂದು ಗೆರೆ ಜಲಜನಕದ್ದು. ಆದರೆ ಎಲ್ಲಕ್ಕಿಂತ ಪ್ರಕಾಶಮಾನವಾದ ಹಸಿರು ಗೆರೆ ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಅದಕ್ಕೊಂದು ಕಾಲ್ಪನಿಕ ಧಾತುವನ್ನೇ ಊಹಿಸಿ 'ನೆಬ್ಯುಲಿಯಮ್' ಎಂದು ಹೆಸರಿಟ್ಟರು. ಇಂಥದೇ ಇನ್ನೊಂದು ಒಗಟು ಸೂರ್ಯನ ಸುತ್ತಲಿನ ಕರೋನದಲ್ಲಿ, 1869ರ ಗ್ರಹಣದಲ್ಲಿ ಸಿಕ್ಕ ಹಸಿರು ಗೆರೆ. ಅದಕ್ಕೆ 'ಕರೋನಿಯಮ್' ಎಂಬ ಹೆಸರು. ಈ ಬೆನ್ನಟ್ಟುವಿಕೆ ನಮ್ಮ ಸೀಮೆಗೂ ಬಂತು. 1871ರ ಡಿಸೆಂಬರ್ 12ರ ಪೂರ್ಣ ಗ್ರಹಣಕ್ಕೆ ನಾರ್ಮನ್ ಲಾಕಿಯರ್ ತಂಡ ಬೀಡುಬಿಟ್ಟದ್ದು ಕಾಸರಗೋಡಿನ ಬಳಿಯ ಬೇಕಲ ಕೋಟೆಯಲ್ಲಿ. ಕೆಳದಿ ನಾಯಕರ ಕಾಲದ ಆ ಕೋಟೆಯ ಮೇಲೆ ರೋಹಿತದರ್ಶಕಗಳನ್ನೂ ಕ್ಯಾಮೆರಾವನ್ನೂ ಹೂಡಿ ಕರೋನದ ಛಾಯಾಚಿತ್ರ ತೆಗೆದರು. ಇಂದು ಬೇಕಲಕ್ಕೆ ಪ್ರವಾಸ ಹೋಗುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ!

ಕರೋನ ಕೆಲವು ಸೆಕೆಂಡಿನ ಕೆಲಸ. ನೀಹಾರಿಕೆಗೆ ಗಂಟೆಗಟ್ಟಲೆ ತಾಳ್ಮೆ ಬೇಕು, ಆದರೆ ಆ ಕಾಲದ ಒದ್ದೆ ಫಲಕಗಳು ಕೆಲವೇ ನಿಮಿಷಗಳಲ್ಲಿ ಒಣಗಿ ನಿರುಪಯೋಗಿಯಾಗುತ್ತಿದ್ದವು. ಜೆಲಟಿನ್‌ನ ಒಣ ಫಲಕಗಳು ಬಂದ ಮೇಲೆ ದಾರಿ ತೆರೆಯಿತು. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ 51 ನಿಮಿಷ ಫಲಕವನ್ನು ಬೆಳಕಿಗೆ ಒಡ್ಡಿ ಮಹಾವ್ಯಾಧದ ನೀಹಾರಿಕೆಯನ್ನು ಹಿಡಿದ. ನೀಹಾರಿಕೆಯ ಮೊದಲ ಛಾಯಾಚಿತ್ರ ಅದೇ. 1883ರ ಜನವರಿಯಲ್ಲಿ ಲಂಡನ್ನಿನ ಇನ್ನೊಂದು ಬಡಾವಣೆಯಾದ ಈಲಿಂಗ್‌ನಲ್ಲಿ ಆಂಡ್ರೂ ಕಾಮನ್ ಎಂಬ ನೈರ್ಮಲ್ಯ ಎಂಜಿನಿಯರ್ ಅದನ್ನೂ ಮೀರಿಸಿದ. ಮನೆಯ ತೋಟದಲ್ಲಿ 36 ಅಂಗುಲದ ಕನ್ನಡಿ, 37 ನಿಮಿಷದ ಚಿತ್ರ. ಕಣ್ಣಿಗೆ ಎಂದೂ ಕಾಣದ ನಕ್ಷತ್ರಗಳು ಫಲಕದ ಮೇಲೆ ಮೂಡಿದವು. ಮರುವರ್ಷ ರಾಯಲ್ ಆಸ್ಟ್ರಾನಾಮಿಕಲ್ ಸೊಸೈಟಿ ಅವನಿಗೆ ಚಿನ್ನದ ಪದಕ ಕೊಟ್ಟಿತು. ಗಮನಿಸಿ: ಲಂಡನ್ನಿನಲ್ಲಿ ಈ ನೀಹಾರಿಕೆ 33 ಡಿಗ್ರಿಗಿಂತ ಮೇಲೇರುವುದಿಲ್ಲ. ನಮ್ಮಲ್ಲಿ ಸುಮಾರು 72 ಡಿಗ್ರಿ ಏರುತ್ತದೆ!

ನೆಬ್ಯುಲಿಯಮ್ಮಿನ ಒಗಟು ಬಿಡಿಸಿದವನು ಐರಾ ಬೋವೆನ್, 1927ರಲ್ಲಿ. ಅದು ಹೊಸ ಧಾತುವಲ್ಲ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ. ಪ್ರಯೋಗಶಾಲೆಯಲ್ಲಿ ಅನಿಲ ಎಷ್ಟು ವಿರಳವಾದರೂ ಪರಮಾಣುಗಳು ಢಿಕ್ಕಿ ಹೊಡೆಯುತ್ತಲೇ ಇರುತ್ತವೆ. ಈ ಗೆರೆಯನ್ನು ಸೂಸಲು ಅವಕ್ಕೆ ಪುರುಸೊತ್ತೇ ಇಲ್ಲ. ನೀಹಾರಿಕೆಯ ನಿರ್ಜನದಲ್ಲಿ ಪುರುಸೊತ್ತೋ ಪುರುಸೊತ್ತು. ಕರೋನಿಯಮ್ಮಿಗೂ ಇದೇ ಗತಿಯಾಯಿತು; 1940ರ ದಶಕದಲ್ಲಿ ಅದು ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣವೆಂದು ತಿಳಿಯಿತು.

ಈಗ ತಾರಸಿಗೆ ಮರಳೋಣ. ಹಗಿನ್ಸ್ ಕಂಡ ಹಸಿರು ಗೆರೆಯ ತರಂಗದೂರ 500.7 ನ್ಯಾನೊಮೀಟರ್; ಜಲಜನಕದ ಕೆಂಪು ಗೆರೆಯದು 656.3. ಬೀದಿದೀಪದ ಬಿಳಿ ಎಲ್‌ಇಡಿ ಹಾಗಲ್ಲ, 400ರಿಂದ 700ರವರೆಗೆ ಎಲ್ಲೆಡೆ ಹರಡಿಕೊಳ್ಳುತ್ತದೆ. 7 ನ್ಯಾನೊಮೀಟರ್ ಅಗಲದ ಬೆಳಕನ್ನಷ್ಟೇ ಬಿಡುವ ಫಿಲ್ಟರನ್ನು ಕ್ಯಾಮೆರಾದ ಮುಂದಿಟ್ಟರೆ ಏನಾಗುತ್ತದೆ? ಊರಿನ ಬೆಳಕು ಸಮನಾಗಿ ಹರಡಿದೆ ಎಂದಿಟ್ಟುಕೊಂಡರೆ ಅದರ ನಲವತ್ತರಲ್ಲಿ ಒಂದು ಪಾಲು ಮಾತ್ರ ಒಳಬರುತ್ತದೆ. ನೀಹಾರಿಕೆಯ ಆ ಗೆರೆ ಹೆಚ್ಚುಕಡಿಮೆ ಪೂರ್ತಿ ಬರುತ್ತದೆ. ಹಳೆಯ ಹಳದಿ ಸೋಡಿಯಂ ದೀಪಗಳಿದ್ದಾಗ ಅವುಗಳ ಬಣ್ಣವೊಂದನ್ನು ತಡೆಯುವ ಫಿಲ್ಟರ್ ಸಾಕಾಗುತ್ತಿತ್ತು. ಎಲ್‌ಇಡಿ ಬಂದ ಮೇಲೆ ಈ ಕಿರಿದಾದ ಕಿಂಡಿಯೇ ಗತಿ.

ಮಿಕ್ಕದ್ದು ಎಣಿಕೆಯ ಕೆಲಸ. ಆ್ಯಂಟೆನಾ ಸರಿಯಿಲ್ಲದಾಗ ಹಳೆಯ ಟಿವಿ ಪರದೆಯ ಮೇಲೆ ಇರುವೆ ಮುತ್ತಿದಂತೆ ಚುಕ್ಕಿಗಳು ಕುಣಿಯುತ್ತಿದ್ದವಲ್ಲ, ಅದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ. ನೀಹಾರಿಕೆಯ ಒಂದು ಚಿತ್ರವೂ ಹಾಗೆಯೇ ಇರುತ್ತದೆ. ಆದರೆ ನೂರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದರೆ ನೀಹಾರಿಕೆ ನೂರು ಪಟ್ಟು ಬೆಳೆಯುತ್ತದೆ. ಗೊತ್ತುಗುರಿಯಿಲ್ಲದ ಚುಕ್ಕಿಗಳು ಹತ್ತೇ ಪಟ್ಟು. ಮೂರು ನಿಮಿಷದ ನೂರು ಚಿತ್ರವೆಂದರೆ ಐದು ಗಂಟೆ. ಅಷ್ಟು ಹೊತ್ತು ದೂರದರ್ಶಕ ಭೂಮಿಯ ತಿರುಗುವಿಕೆಗೆ ಸರಿಯಾಗಿ ಎದುರು ತಿರುಗಬೇಕು, ಅದಕ್ಕೆ ಅದರ ಅಕ್ಷ ಧ್ರುವದತ್ತ ನೆಟ್ಟಿರಬೇಕು. ನಮ್ಮೂರಿನಲ್ಲಿ ಧ್ರುವನಕ್ಷತ್ರ ಇರುವುದು ಬರೀ 13 ಡಿಗ್ರಿ ಎತ್ತರದಲ್ಲಿ, ಅಂದರೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ಫಿಲ್ಟರಿಲ್ಲದೆ ನಾನು ತೆಗೆದ ಮೊದಲ ಚಿತ್ರ ಗಾಜಿಗೆ ತೆಳು ಮಜ್ಜಿಗೆ ಬಳಿದಂತಿತ್ತು.

ಇಷ್ಟು ಕೇಳಿ, ಇನ್ನು ದೀಪಗಳ ಚಿಂತೆ ಬೇಡ ಎಂದುಕೊಳ್ಳಬೇಡಿ. ಗೆರೆಗಳಲ್ಲಿ ಬೆಳಗುವ ಅನಿಲ ಮಾತ್ರ ಈ ಕಿಂಡಿಯಲ್ಲಿ ನುಸುಳುತ್ತದೆ. ಆಂಡ್ರೊಮೆಡಾ ಗ್ಯಾಲಕ್ಸಿಯ ಬೆಳಕು ನಕ್ಷತ್ರಗಳದ್ದು, ಎಲ್ಲ ಬಣ್ಣಗಳಲ್ಲೂ ಹರಡಿದ್ದು. ಕೃತ್ತಿಕೆಯ ಸುತ್ತಲಿನ ನೀಲಿ ಧೂಳು ನಕ್ಷತ್ರದ ಬೆಳಕನ್ನೇ ಪ್ರತಿಫಲಿಸುತ್ತದೆ. ಅವುಗಳನ್ನು ಯಾವ ಫಿಲ್ಟರೂ ಊರಿನ ಬೆಳಕಿನಿಂದ ಬೇರ್ಪಡಿಸಲಾರದು. ವೈನು ಬಾಪ್ಪು ಅವರು ಕತ್ತಲೆ ಹುಡುಕಿಕೊಂಡು ತಮಿಳುನಾಡಿನ ಕಾವಲೂರಿಗೆ ಹೋದದ್ದು ಸುಮ್ಮನೆ ಅಲ್ಲ. ಬೆಂಗಳೂರಿನ ಖಗೋಳಜ್ಞರು ಇಂದು ಹೊಸಕೋಟೆಯಲ್ಲಿ ಕುಳಿತು ಲಡಾಖಿನ ಹಾನ್ಲೆಯ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುತ್ತಾರೆ. ನಿಮಗೂ ನನಗೂ ಇರುವುದು ತಾರಸಿಯೊಂದೇ.

ಹೋದ ವರ್ಷ ನಮ್ಮ ಎದುರುಮನೆಯ ಹಿರಿಯರು ಗೇಟಿನ ಮೇಲೆ ದೊಡ್ಡ ಎಲ್‌ಇಡಿ ದೀಪ ಹಾಕಿಸಿದರು. ಅದರ ಅರ್ಧ ಬೆಳಕು ಆಕಾಶಕ್ಕೆ. ಒಂದು ವಾರ ಹಿಂದೆಮುಂದೆ ನೋಡಿ, ಕೊನೆಗೆ ಹೋಗಿ ಕೇಳಿದೆ: "ಸಾರ್, ಆ ದೀಪ ಸ್ವಲ್ಪ ಕೆಳಕ್ಕೆ ತಿರುಗಿಸಬಹುದಾ?"

"ಯಾಕೆ, ನಿದ್ದೆಗೆ ತೊಂದರೆಯೇನ್ರಿ?"

"ನಿದ್ದೆಗಲ್ಲ ಸಾರ್, ನೀಹಾರಿಕೆಗೆ."

ಅವರಿಗೆ ನನ್ನ ತಲೆಯ ಬಗ್ಗೆ ಅನುಮಾನ ಬಂದಿರಬೇಕು. ಮೇಲೆ ಕರೆದುಕೊಂಡು ಹೋಗಿ ಹಿಂದಿನ ಜನವರಿಯಲ್ಲಿ ತೆಗೆದ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ, "ಇದು ನಮ್ಮ ರಸ್ತೆಯ ಮೇಲಿರೋದಾ?" ಎಂದರು. ಮರುದಿನ ಎಲೆಕ್ಟ್ರಿಷಿಯನ್ ಬಂದು ದೀಪಕ್ಕೆ ತಗಡಿನ ಮುಚ್ಚಿಗೆ ಹಾಕಿದ. ಗೇಟಿನ ಮುಂದೆ ಬೆಳಕು ಮೊದಲಿಗಿಂತ ಚೆನ್ನಾಗಿದೆ ಎಂದು ಈಗ ಅವರೇ ಹೇಳುತ್ತಾರೆ.

ನಿಮ್ಮಲ್ಲಿ ಯಾರಾದರೂ ಕೆಂಗೇರಿಯ ಕಡೆಯವರಿದ್ದರೆ, ಮನೆಯ ದಕ್ಷಿಣಕ್ಕೆ ಎತ್ತರದ ಕಟ್ಟಡ ಇಲ್ಲದಿದ್ದರೆ, ಏಪ್ರಿಲ್ ನಡುವೆ ರಾತ್ರಿ ಒಂಬತ್ತೂಕಾಲಿನ ಸುಮಾರಿಗೆ ಆ ದಿಕ್ಕಿಗೆ ನೋಡಿ. ದಿಗಂತದಿಂದ 17 ಡಿಗ್ರಿ ಮೇಲೆ ಕರೀನಾ ನೀಹಾರಿಕೆ ಇರುತ್ತದೆ, ಮಹಾವ್ಯಾಧದ್ದಕ್ಕಿಂತ ಎಷ್ಟೋ ದೊಡ್ಡದು. ಅದು ಟಲ್ಸ್ ಹಿಲ್‌ನಲ್ಲಿ ಉದಯಿಸುವುದೇ ಇಲ್ಲ. ಹಗಿನ್ಸ್ ತನ್ನ ತೋಟದಿಂದ ಅದನ್ನು ಒಮ್ಮೆಯೂ ಕಾಣುವಂತಿರಲಿಲ್ಲ.