ಮತ್ತೋಡಿನಿಂದ ಬೆಂಗಳೂರಿಗೆ: ಪರಸ್ಥಳದ ಊಟದ ಚರಿತ್ರೆ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡು ಹಿಂದೆ ಗಾಜಿನ ಬಳೆಗಳಿಗೆ ಹೆಸರಾಗಿದ್ದ ಊರು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಅಲ್ಲಿನ ಬೇಸಾಯ, ಕಸುಬು, ವ್ಯಾಪಾರಗಳನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಕುಲುಮೆಗಳ ಬಗೆಗೂ ಬರೆದಿದ್ದಾನೆ. ಚೌಳು ಮಣ್ಣಿನಿಂದ ತೆಗೆದ ಉಪ್ಪನ್ನು ಬೆಣಚುಕಲ್ಲಿನ ಪುಡಿಯೊಂದಿಗೆ ಕರಗಿಸಿ ಮಾಡಿದ ಬಳೆಗಳು ಒಂದೇ ಊರಿನಲ್ಲಿ ಮಾರಾಟವಾಗಿ ಮುಗಿಯುವ ಸರಕಲ್ಲ. ಬಳೆಗಳ ಸರವಾದ ಮಲಾರವನ್ನು ಹೆಗಲಿಗೇರಿಸಿ ಊರೂರು ಅಲೆಯುವವರು ಇದ್ದರೆ ಮಾತ್ರ ಕುಲುಮೆ ಉರಿಯುತ್ತಿತ್ತು. ಹೀಗೆ ಮನೆಯಿಂದ ಹೊರಬಿದ್ದವನಿಗೆ ಸರಕು ಎಲ್ಲಿ ಮಾರಬೇಕೆಂಬುದರಷ್ಟೇ ಹೊತ್ತಿಗೆ ಎಲ್ಲಿ ಉಣ್ಣಬೇಕೆಂಬುದೂ ದೊಡ್ಡ ಪ್ರಶ್ನೆಯಾಗಿತ್ತು. ಇಂದು ಬೆಂಗಳೂರಿಗೆ ಹೋಗುವವರು ಯಾವ ಹೋಟೆಲಿನ ದೋಸೆ ಚೆನ್ನಾಗಿದೆ ಎಂದು ವಿಚಾರಿಸುತ್ತಾರೆ. ನೂರು ವರ್ಷಗಳ ಹಿಂದೆ ಅದೇ ದಾರಿಯ ಪ್ರಯಾಣಿಕ ತನ್ನ ಜಾತಿಯವನಿಗೆ ಯಾವ ಮನೆಯಲ್ಲಿ, ಯಾವ ಛತ್ರದಲ್ಲಿ ಎಲೆ ಹಾಕುತ್ತಾರೆ ಎಂದು ವಿಚಾರಿಸಬೇಕಾಗಿತ್ತು. ಈ ಎರಡು ಪ್ರಶ್ನೆಗಳ ನಡುವಿನ ದೂರವನ್ನು ಅಳೆಯದೆ ದಕ್ಷಿಣದ ಈ ಮಹಾನಗರದ ಹೋಟೆಲುಗಳ ಚರಿತ್ರೆ ಅರ್ಥವಾಗುವುದಿಲ್ಲ.

ಹೊಸದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್ ದೂರದಲ್ಲಿದೆ. ಎತ್ತಿನ ಗಾಡಿಗೆ ಅದು ಒಂದು ವಾರದ ಹಾದಿ. ಆ ಹಾದಿಯಲ್ಲಿ ಮೊದಲ ಆಸರೆ ಕಟ್ಟಿಕೊಂಡು ಹೊರಟ ಬುತ್ತಿ: ಬೇಗ ಹಳಸದ ಜೋಳದ ರೊಟ್ಟಿ, ಹುರಿಟ್ಟು, ಚಟ್ನಿಪುಡಿ. ಬುತ್ತಿ ತೀರಿದ ಮೇಲೆ ಕುಡಿಯುವ ನೀರಿಗೆ ಅರವಟಿಗೆಗಳು, ಅಂದರೆ ದಾರಿಹೋಕರಿಗೆ ನೀರು ಮಜ್ಜಿಗೆ ಕೊಡಲು ಪುಣ್ಯಾರ್ಥವಾಗಿ ನಡೆಸುತ್ತಿದ್ದ ಚಪ್ಪರಗಳು, ತಂಗಲು ಛತ್ರಗಳು ಇದ್ದವು. ಛತ್ರವೆಂದರೆ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟವಿಕ್ಕುವ ಜಾಗವೆಂದು ಭಾವಿಸುವುದು ತಪ್ಪು. ಅನೇಕ ಛತ್ರಗಳಲ್ಲಿ ಬೇಯಿಸಿದ ಅನ್ನ ಬ್ರಾಹ್ಮಣರಿಗೆ ಮೀಸಲಾಗಿತ್ತು. ಉಳಿದವರಿಗೆ ಸಿಗುತ್ತಿದ್ದುದು ಪಡಿ, ಅಂದರೆ ಅಕ್ಕಿ, ಬೇಳೆ, ಉಪ್ಪು, ಮೆಣಸಿನಕಾಯಿಗಳ ಅಳತೆ, ಅದನ್ನು ಹೊರಗೆ ಮೂರು ಕಲ್ಲು ಹೂಡಿ ತಾವೇ ಬೇಯಿಸಿಕೊಳ್ಳಬೇಕಿತ್ತು. ಅಸ್ಪೃಶ್ಯರೆಂದು ದೂರವಿಟ್ಟವರಿಗೆ ಛತ್ರದ ಜಗಲಿಯೂ ದೊರೆಯುತ್ತಿರಲಿಲ್ಲ. ಶರಣ ಪರಂಪರೆಯ ಮಠಗಳ ದಾಸೋಹ, ಎಂದರೆ ಬಂದವರಿಗೆಲ್ಲ ಅನ್ನವಿಕ್ಕುವ ಪದ್ಧತಿ, ಈ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿತು. ಬೆಂಗಳೂರಿನ ಹಾದಿಯಲ್ಲೇ ಇರುವ ತುಮಕೂರಿನ ಸಿದ್ಧಗಂಗಾ ಮಠ ಇಂದಿಗೂ ಅದರ ದೊಡ್ಡ ನಿದರ್ಶನ.

ರೈಲು ಬಂದ ಮೇಲೆ ಈ ವ್ಯವಸ್ಥೆಯ ಅಳತೆಯೇ ಬದಲಾಯಿತು. ಬೆಂಗಳೂರು–ತುಮಕೂರು ಮಾರ್ಗ 1884ರಲ್ಲಿ ತೆರೆದು, 1889ರ ಹೊತ್ತಿಗೆ ಹಳಿಗಳು ಹರಿಹರವನ್ನು ಮುಟ್ಟಿದಾಗ, ಹೊಸದುರ್ಗ ಸೀಮೆಯವರಿಗೆ ಹೊಸದುರ್ಗ ರೋಡ್ ಎಂಬ ನಿಲ್ದಾಣ ದೊರೆಯಿತು. ವಾರದ ಹಾದಿ ಒಂದು ದಿನಕ್ಕೆ ಇಳಿದುದರಿಂದ ಬುತ್ತಿಯ ಗಂಟು ಚಿಕ್ಕದಾಯಿತು, ಆದರೆ ನ್ಯಾಯಾಲಯ, ಕಚೇರಿ, ಓದು, ವ್ಯಾಪಾರಗಳಿಗಾಗಿ ನಗರದಲ್ಲಿ ತಂಗುವ ದಿನಗಳು ಹೆಚ್ಚಿದವು. ಗುಬ್ಬಿಯ ವರ್ತಕ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಎದುರು ಪ್ರಯಾಣಿಕರಿಗಾಗಿ ಛತ್ರವನ್ನೂ ವಿದ್ಯಾರ್ಥಿಗಳಿಗಾಗಿ ನಿಲಯವನ್ನೂ ಕಟ್ಟಿಸಿ 1903ರಲ್ಲಿ ತೆರೆದುದು ಈ ಅಗತ್ಯವನ್ನು ಕಣ್ಣಾರೆ ಕಂಡೇ. ಹಳ್ಳಿಗಳಿಂದ ಬಂದಿಳಿದವರಿಗೆ ಅದು ಹಲವು ತಲೆಮಾರುಗಳ ಕಾಲ ನಗರದ ಮೊದಲ ಮೆಟ್ಟಿಲಾಗಿತ್ತು. ಆದರೂ ನಗರದಲ್ಲಿ ಕಾಸು ಕೊಟ್ಟು ಉಣ್ಣುವ ರೂಢಿ ಆಗಿನ್ನೂ ಗೌರವದ್ದಾಗಿರಲಿಲ್ಲ. ಅನ್ನವನ್ನು ಮಾರುವುದು ಪಾಪವೆಂಬ ಭಾವನೆ ಮನೆಗಳಲ್ಲಿ ಆಳವಾಗಿತ್ತು.

ಆ ಭಾವನೆಯನ್ನು ಮುರಿದವರು ಬಹುಪಾಲು ಕರಾವಳಿಯ ಉಡುಪಿ, ಕುಂದಾಪುರ, ಸಾಲಿಗ್ರಾಮ ಸುತ್ತಿನ ಬ್ರಾಹ್ಮಣ ಕುಟುಂಬಗಳ ಬಡ ಹುಡುಗರು. ದೇವಾಲಯ ಮಠಗಳ ಅಡಿಗೆಯ ಪರಿಚಯವಿದ್ದ ಇವರು ಘಟ್ಟ ಹತ್ತಿ ಬಂದು, ಮನೆಗಳಲ್ಲಿ ಅಡಿಗೆಯವರಾಗಿ ದುಡಿದು, ಉಳಿಸಿದ ಹಣದಲ್ಲಿ ಕಾಫಿ ಕ್ಲಬ್ಬುಗಳನ್ನು ತೆರೆದರು. ಬ್ರಾಹ್ಮಣರು ಬೇಯಿಸಿದ್ದನ್ನು ಉಣ್ಣಲು ಹೆಚ್ಚಿನ ಜಾತಿಗಳವರಿಗೆ ಅಡ್ಡಿಯಿರಲಿಲ್ಲವಾದ್ದರಿಂದ ಅಂಥ ಹೋಟೆಲಿಗೆ ಗಿರಾಕಿಗಳ ಕೊರತೆ ಬೀಳಲಿಲ್ಲ. ಬೋರ್ಡಿನ ಮೇಲೆ ಜಾತಿಯ ಹೆಸರು ಬರೆಯಿಸಿದ್ದಕ್ಕೂ ಇದೇ ಕಾರಣ. ಪರಮೇಶ್ವರ ಮಯ್ಯ ಮತ್ತು ಅವರ ಸಹೋದರರು 1924ರಲ್ಲಿ ಆರಂಭಿಸಿದ ಬ್ರಾಹ್ಮಣ ಕಾಫಿ ಕ್ಲಬ್ ಮುಂದೆ 1960ರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಪಡೆದು, ಎಂಟಿಆರ್ ಎಂದೇ ಪ್ರಸಿದ್ಧವಾಯಿತು. ಆ ಸಹೋದರರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದು ಅಡಿಗೆಮನೆಯ ಶುಚಿತ್ವಕ್ಕೆ ತಂದ ಕಟ್ಟುನಿಟ್ಟು ನಗರದ ಬೇರೆ ಹೋಟೆಲುಗಳಿಗೂ ಮಾದರಿಯಾಯಿತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ತೆರೆಯಿತು; ಅದರ ಗರಿಗರಿ ಮಸಾಲೆ ದೋಸೆ ಇಂದಿಗೂ ಊರಿಂದ ಬಂದವರನ್ನು ಸಾಲಿನಲ್ಲಿ ನಿಲ್ಲಿಸುತ್ತದೆ.

ಈ ಹೋಟೆಲುಗಳು ಸಮಾನತೆಯನ್ನು ತಂದವೆಂದು ಹೊಗಳುವಾಗ ಎಚ್ಚರವಿರಬೇಕು. ಒಳಗೆ ಬ್ರಾಹ್ಮಣರಿಗೆ ಬೇರೆ ಕೋಣೆ, ಇತರರಿಗೆ ಬೇರೆ ಸಾಲು ಇದ್ದ ಕಾಲ ದೀರ್ಘವಾಗಿತ್ತು, ದಲಿತರಿಗೆ ಬಾಗಿಲ ಹೊರಗೆ ಬೇರೆ ಲೋಟದಲ್ಲಿ ಕಾಫಿ ಸುರಿಯುತ್ತಿದ್ದ ಕಾಲ ಇನ್ನೂ ದೀರ್ಘವಾಗಿತ್ತು. ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಪ್ರವೇಶವನ್ನು ಜಾತಿಯ ಕಾರಣಕ್ಕೆ ತಡೆಯಕೂಡದೆಂದು ಹೆಸರಿಟ್ಟು ಹೇಳಿದ್ದು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯನ್ನು ಗೊತ್ತುಮಾಡಿದ್ದು ಸುಮ್ಮನೆ ಅಲ್ಲ. ಹೋಟೆಲಿನ ಮೇಜು ದೇವಾಲಯದ ಬಾಗಿಲಿನಷ್ಟೇ ಹೋರಾಟದ ಜಾಗವಾಗಿತ್ತು ಎಂಬುದನ್ನು ಸಂವಿಧಾನ ರಚಿಸಿದವರು ಅನುಭವದಿಂದ ಬಲ್ಲವರಾಗಿದ್ದರು. ನಗರದಲ್ಲಿ ಗಲ್ಲಾಪೆಟ್ಟಿಗೆಗೆ ಬಿದ್ದ ಕಾಸು ಜಾತಿಯನ್ನು ಕೇಳದೆ ಹೋದುದು ಕಾಯಿದೆಯ ಕೆಲಸವನ್ನು ಹಗುರ ಮಾಡಿತು. ಹಳ್ಳಿಯ ಚಹದಂಗಡಿಗಳಲ್ಲಿ ಎರಡು ಲೋಟಗಳ ಪದ್ಧತಿ ಬಹುಕಾಲ ಉಳಿದುದನ್ನು ನೋಡಿದರೆ ನಗರದ ಜನಜಂಗುಳಿಗೂ ಈ ಬದಲಾವಣೆಯಲ್ಲಿ ಪಾಲಿದೆ ಎನ್ನಬೇಕು.

ಆದರೆ ರಾಗಿಮುದ್ದೆ, ಹುರುಳಿಕಾಳಿನ ಸಾರು ಉಂಡು ಬೆಳೆದ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ರೈತನಿಗೆ ಇಡ್ಲಿ ದೋಸೆಗಳು ತಿಂಡಿಯೇ ಹೊರತು ಊಟವಾಗಿರಲಿಲ್ಲ. ಅವನ ಹೊಟ್ಟೆಯನ್ನು ಅರಿತದ್ದು ಮಿಲಿಟರಿ ಹೋಟೆಲು, ಎಂದರೆ ಮಾಂಸದೂಟ ಬಡಿಸುವ ಹೋಟೆಲು. ಹಳೆಯ ಮಿಲಿಟರಿ ಹೋಟೆಲುಗಳಲ್ಲಿ ಹಲವನ್ನು ನಡೆಸಿದವರು ಬೆಂಗಳೂರಿನಲ್ಲಿ ತಲೆಮಾರುಗಳಿಂದ ನೆಲೆಸಿದ ಮರಾಠಿ ಮನೆಮಾತಿನ ಕುಟುಂಬಗಳು; ಕಾಟನ್‌ಪೇಟೆಯ ಎಸ್.ಜಿ. ರಾವ್ ಅವರ ಹೋಟೆಲು, ಶಿವಾಜಿ ಮಿಲಿಟರಿ ಹೋಟೆಲು ಈ ಸಾಲಿನವು. ಮುದ್ದೆ, ಕಾಲು ಸೂಪು, ಬೋಟಿ ಗೊಜ್ಜು, ತಲೆಮಾಂಸ, ಕೈಮದುಂಡೆ, ದೊನ್ನೆ ಬಿರಿಯಾನಿ ಇವು ಇಲ್ಲಿನ ಊಟ. ದೊನ್ನೆಯೆಂದರೆ ಎಲೆಗಳನ್ನು ಹೊಲಿದು ಮಾಡಿದ ಬಟ್ಟಲು. ಸೌದೆ ಒಲೆ, ಬೆಳಗ್ಗೆಯೇ ಬಂದಿಳಿಯುವ ಮಾಂಸ, ಮಧ್ಯಾಹ್ನದೊಳಗೆ ಬರಿದಾಗುವ ಹಂಡೆ, ಇಷ್ಟರಲ್ಲೇ ಅಲ್ಲಿನ ವ್ಯವಹಾರ ಮುಗಿಯುತ್ತದೆ. ಮಂಡಿಗೆ ಕಾಯಿಪಲ್ಯೆ ತಂದವನು, ಹಮಾಲಿ, ಕಚೇರಿಯ ಗುಮಾಸ್ತ ಒಂದೇ ಬೆಂಚಿನ ಮೇಲೆ ಕುಳಿತು ಮುದ್ದೆ ಮುರಿಯುವುದು ಇಲ್ಲಿ ಮೊದಲಿನಿಂದಲೂ ಸಾಮಾನ್ಯ. ಸಹಭೋಜನದ ವಿಷಯದಲ್ಲಿ ಮಿಲಿಟರಿ ಹೋಟೆಲು ಕಾಫಿ ಕ್ಲಬ್ಬಿಗಿಂತ ಮುಂದಿತ್ತು ಎಂಬುದನ್ನು ಇನ್ನಾದರೂ ಒಪ್ಪಬೇಕು. ಉತ್ತರ ಕರ್ನಾಟಕದ ರೊಟ್ಟಿ ಊಟ ಬಡಿಸುವ ಲಿಂಗಾಯತ ಖಾನಾವಳಿಗಳು, ದಂಡು ಪ್ರದೇಶದ ಬೇಕರಿಗಳು, 1957ರಲ್ಲಿ ಕಾರ್ಮಿಕರ ಸಹಕಾರ ಸಂಘವೇ ವಹಿಸಿಕೊಂಡ ಇಂಡಿಯಾ ಕಾಫಿ ಹೌಸ್, ಇವೂ ತಮ್ಮ ತಮ್ಮ ಗಿರಾಕಿಗಳನ್ನು ಬೆಳೆಸಿಕೊಂಡವು.

ನಗರವೇ ಎಲ್ಲವನ್ನೂ ಕಲಿಸಿತೆಂದು ಹೇಳುವಂತಿಲ್ಲ. 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ದಾವಣಗೆರೆಯಲ್ಲಿ, 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಎಂಬ ಮಹಿಳೆ ಇಟ್ಟ ಚಿಕ್ಕ ಅಂಗಡಿಯಿಂದ ಬೆಣ್ಣೆ ದೋಸೆ ಬೆಳೆಯಿತೆಂದು ಅಲ್ಲಿನವರು ಹೇಳುತ್ತಾರೆ; ಇಂದು ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ದಾವಣಗೆರೆಯ ಹೆಸರಿನ ಬೋರ್ಡು ಕಾಣುತ್ತದೆ. ಹಿರಿಯೂರಿನ ಮೇಲೆ ಹಾದುಹೋಗುವ ಪುಣೆ–ಬೆಂಗಳೂರು ರಸ್ತೆ, ಈಗಿನ ರಾಷ್ಟ್ರೀಯ ಹೆದ್ದಾರಿ 48, ಲಾರಿ ಚಾಲಕರಿಗೂ ಬಸ್ ಪ್ರಯಾಣಿಕರಿಗೂ ಊಟದ ಬೀದಿಯಾಯಿತು. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು ಸರ್ಕಾರಿ ಬಸ್ ಸೇವೆಯನ್ನು ಆರಂಭಿಸಿದ ಮೇಲೆ, ಬಸ್ಸು ನಿಂತಲ್ಲಿ ಉಣ್ಣುವುದು ಮತ್ತೋಡಿನಂಥ ಊರುಗಳ ಜನರಿಗೂ ಬರಬರುತ್ತಾ ರೂಢಿಯಾಯಿತು.

ಹೋಟೆಲಿನ ತಿಂಡಿಯ ಪಟ್ಟಿಯನ್ನು ರುಚಿಯೊಂದೇ ಬರೆಯಲಿಲ್ಲ, ಅಭಾವವೂ ಬರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ಎಂಟಿಆರ್ ರವೆಯಿಂದ ಇಡ್ಲಿ ಮಾಡಿತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳ ಬೆಲೆ ಇಳಿಸಿದಾಗ ಅದೇ ಸಂಸ್ಥೆ ಹೋಟೆಲನ್ನು ಮುಚ್ಚಿ ಸಿದ್ಧ ಹಿಟ್ಟಿನ ಪೊಟ್ಟಣಗಳ ಕಡೆ ಹೊರಳಿತು. 1983ರಲ್ಲಿ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿಯೊಂದಿಗೆ ದರ್ಶಿನಿಗಳ, ಅಂದರೆ ನಿಂತೇ ತಿನ್ನುವ, ಕಣ್ಣೆದುರೇ ಬೇಯಿಸುವ ಅಗ್ಗದ ಉಪಾಹಾರ ಗೃಹಗಳ ಕಾಲ ಬಂತು. ಕುರ್ಚಿ, ಕೋಣೆ, ಬಡಿಸುವ ಮಾಣಿ ಮೂರನ್ನೂ ಕಳಚಿದ ಈ ಏರ್ಪಾಡಿನಲ್ಲಿ ಯಾರು ಎಲ್ಲಿ ಕೂರಬೇಕೆಂಬ ಹಳೆಯ ಪ್ರಶ್ನೆಗೆ ಜಾಗವೇ ಉಳಿಯಲಿಲ್ಲ. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟು, ಒಂದು ಕಾಲದಲ್ಲಿ ಛತ್ರ ಮಾಡುತ್ತಿದ್ದ ಕೆಲಸವನ್ನು ಪಂಕ್ತಿಭೇದವಿಲ್ಲದೆ ಕೈಗೆತ್ತಿಕೊಂಡವು.

ಉಡುಪಿ ಹೋಟೆಲುಗಳ ಬಗ್ಗೆ ಸಾಕಷ್ಟು ಬರೆದಾಗಿದೆ. ಮಿಲಿಟರಿ ಹೋಟೆಲು, ಖಾನಾವಳಿ, ಹೆದ್ದಾರಿಯ ಊಟದ ಮನೆಗಳ ಬಗ್ಗೆ, ಅಲ್ಲಿ ಲೋಟ ತೊಳೆದು, ಸೌದೆ ಹೊತ್ತು ಬೆಳೆದ ಹುಡುಗರ ಬಗ್ಗೆ ಅಷ್ಟು ಬರಹವಿಲ್ಲ. ಚಿತ್ರದುರ್ಗ, ಹೊಸದುರ್ಗ, ಹಿರಿಯೂರುಗಳ ಹಳೆಯ ಹೋಟೆಲುಗಳ ಲೆಕ್ಕದ ಪುಸ್ತಕ, ಬೆಲೆಪಟ್ಟಿ, ಭಾವಚಿತ್ರಗಳು ಮನೆಗಳ ಅಟ್ಟದಲ್ಲಿ ಗೆದ್ದಲು ಹಿಡಿಯುವ ಮೊದಲು ಅವುಗಳನ್ನು ಕೂಡಿಹಾಕಿ, ಇನ್ನೂ ಬದುಕಿರುವ ಹಳೆಯ ಕೆಲಸಗಾರರ ಮಾತನ್ನು ದಾಖಲಿಸಿಕೊಳ್ಳುವ ಕೆಲಸಕ್ಕೆ ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ತಡಮಾಡದೆ ಮುಂದಾಗಬೇಕು.