‘ಮೋರ್ ಪರ್ಫೆಕ್ಟ್’: ಯಾವುದಕ್ಕಿಂತ?

ಇಂಗ್ಲಿಷ್ ವ್ಯಾಕರಣದಲ್ಲಿ ಗುಣವಾಚಕಗಳ ಮೂರು ಹಂತಗಳನ್ನು ನೀವು ಕಲಿತಿದ್ದೀರಿ: ಟಾಲ್, ಟಾಲರ್, ಟಾಲೆಸ್ಟ್. ಕೆಲವು ಪದಗಳಿಗೆ ಈ ಹಂತಗಳು ಸಲ್ಲವೆಂಬ ಎಚ್ಚರಿಕೆಯನ್ನೂ ಕೇಳಿರಬಹುದು. ‘ಪರ್ಫೆಕ್ಟ್’ ಅಂಥ ಒಂದು ಪದ. ಪರಿಪೂರ್ಣವಾದದ್ದು ಇನ್ನಷ್ಟು ಪರಿಪೂರ್ಣವಾಗುವುದು ಹೇಗೆ? ತುಂಬಿದ ಕೊಡ ಮತ್ತಷ್ಟು ತುಂಬುವುದುಂಟೆ?

ಆದರೆ ಅಮೆರಿಕದ ಸಂವಿಧಾನದ ಮೊದಲ ವಾಕ್ಯದಲ್ಲೇ ಈ ಪ್ರಯೋಗವಿದೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಪ್ರತಿನಿಧಿಗಳು ತಮ್ಮ ಗುರಿಗಳಲ್ಲಿ ಮೊದಲನೆಯದಾಗಿ ಹೇಳಿದ್ದು ‘ಮೋರ್ ಪರ್ಫೆಕ್ಟ್ ಯೂನಿಯನ್’, ಅಂದರೆ ‘ಹೆಚ್ಚು ಪರಿಪೂರ್ಣವಾದ ಒಕ್ಕೂಟ’. ಪೀಠಿಕೆಗೆ ಈ ರೂಪ ಕೊಟ್ಟವರು ಗವರ್ನಿಯರ್ ಮಾರಿಸ್.

ಇದು ವ್ಯಾಕರಣದೋಷವೇ? ‘ಪರ್ಫೆಕ್ಟ್’ ಲ್ಯಾಟಿನ್ನಿನಿಂದ ಬಂದದ್ದು. ಅದರ ಮೂಲಾರ್ಥ ‘ಪೂರ್ತಿಯಾಗಿ ಮಾಡಿ ಮುಗಿಸಿದ’ ಎಂದು. ಕೆಲಸ ಅರ್ಧ ಮುಗಿದಿರಬಹುದು, ಮುಕ್ಕಾಲು ಮುಗಿದಿರಬಹುದು. ಈ ಅರ್ಥದಲ್ಲಿ ಹೋಲಿಕೆಗೆ ಅಡ್ಡಿಯಿಲ್ಲ.

ಹಾಗಾದರೆ ಯಾವುದಕ್ಕಿಂತ ಹೆಚ್ಚು? ವಾಕ್ಯದಲ್ಲಿ ‘ದ್ಯಾನ್’ ಇಲ್ಲ. ಉತ್ತರ ಇತಿಹಾಸದಲ್ಲಿದೆ. 1781ರಲ್ಲಿ ಜಾರಿಗೆ ಬಂದ ಕರಾರು 13 ರಾಜ್ಯಗಳನ್ನು ಆಗಲೇ ‘ಶಾಶ್ವತ ಒಕ್ಕೂಟ’ವೆಂದು ಕರೆದಿತ್ತು. ಆದರೆ ಆ ಒಕ್ಕೂಟದ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ. ಕರಾರಿನ ತಿದ್ದುಪಡಿಗೆ ಎಲ್ಲ ರಾಜ್ಯಗಳ ಒಪ್ಪಿಗೆಯೂ ಬೇಕಿತ್ತು. ಆ ದುರ್ಬಲ ಒಕ್ಕೂಟಕ್ಕಿಂತ ‘ಹೆಚ್ಚು’ ಎಂಬುದೇ ಈ ಮಾತಿನ ಅರ್ಥ.

ಈ ಹೋಲಿಕೆಯ ಬೆಲೆ ತಿಳಿದದ್ದು 1861ರಲ್ಲಿ. ಆ ವರ್ಷದ ಮಾರ್ಚ್ 4ರಂದು ಅಬ್ರಹಾಂ ಲಿಂಕನ್ ಅಧಿಕಾರ ವಹಿಸಿಕೊಳ್ಳುವಾಗ ಗುಲಾಮಗಿರಿಯನ್ನು ಉಳಿಸಿಕೊಳ್ಳಬಯಸಿದ 7 ರಾಜ್ಯಗಳು ಬೇರ್ಪಟ್ಟಿರುವುದಾಗಿ ಸಾರಿದ್ದವು. ಲಿಂಕನ್ ಮಂಡಿಸಿದ ತರ್ಕ ಸರಳ: ಹಿಂದಿನ ಒಕ್ಕೂಟವೇ ಶಾಶ್ವತ; ಸಂವಿಧಾನ ಅದನ್ನು ಹೆಚ್ಚು ಪರಿಪೂರ್ಣಗೊಳಿಸಿತು; ಬೇಕೆಂದಾಗ ಬಿಟ್ಟುಹೋಗುವಂತಿದ್ದರೆ ಅದು ಮೊದಲಿಗಿಂತ ಕಡಿಮೆ ಪರಿಪೂರ್ಣವಾದಂತಾಗುತ್ತದೆ. ಆದರೂ ಯುದ್ಧ ತಪ್ಪಲಿಲ್ಲ. 1869ರಲ್ಲಿ ಟೆಕ್ಸಾಸ್ ರಾಜ್ಯದ ಮೊಕದ್ದಮೆಯೊಂದರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದೇ ತರ್ಕವನ್ನು ಎತ್ತಿಹಿಡಿಯಿತು.

ಈ ಪದಕ್ಕೆ ಇನ್ನೊಂದು ಮುಖವಿದೆ. 1787ರ ಅದೇ ಸಂವಿಧಾನ ಪ್ರಾತಿನಿಧ್ಯದ ಲೆಕ್ಕದಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸಿತ್ತು. ಗುಲಾಮಗಿರಿ ರದ್ದಾದದ್ದು 1865ರಲ್ಲಿ, 13ನೆಯ ತಿದ್ದುಪಡಿಯಿಂದ. ‘ಪರಿಪೂರ್ಣ’ ಎಂದಷ್ಟೇ ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. ‘ಹೆಚ್ಚು’ ಎಂಬ ಮಾತು ಕೆಲಸ ಬಾಕಿಯಿದೆಯೆಂದು ಒಪ್ಪಿಕೊಂಡಿತು. 2008ರಲ್ಲಿ ಬರಾಕ್ ಒಬಾಮ ಫಿಲಡೆಲ್ಫಿಯಾದಲ್ಲೇ ಜನಾಂಗಭೇದದ ಬಗ್ಗೆ ಮಾತನಾಡಿದಾಗ ಅವರ ಭಾಷಣದ ಶೀರ್ಷಿಕೆಯೂ ಇದೇ ನುಡಿಗಟ್ಟಾಗಿತ್ತು.

ಕನ್ನಡದಲ್ಲಿ ಟಾಲರ್‌ನಂತೆ ಗುಣವಾಚಕದ ರೂಪವೇ ಬದಲಾಗುವುದಿಲ್ಲ. ‘ಅಣ್ಣನಿಗಿಂತ ತಂಗಿ ಎತ್ತರ’ ಎನ್ನುತ್ತೇವೆ. ಹೋಲಿಕೆಯ ಹೊಣೆಯೆಲ್ಲ ‘ಗಿಂತ’ದ ಮೇಲೆ. ಇಂಗ್ಲಿಷಿನಲ್ಲಿ ‘ದ್ಯಾನ್’ ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಅಲ್ಲಿಯೇ ಓದುಗನ ಕೆಲಸ ಶುರು. ಜಾಹೀರಾತಿನಲ್ಲಿ ‘ಬೆಟರ್’, ಭಾಷಣದಲ್ಲಿ ‘ಸ್ಟ್ರಾಂಗರ್’ ಎಂಬ ಮಾತು ಬಂದಾಗ ನೀವೂ ಕೇಳಿ: ಯಾವುದಕ್ಕಿಂತ? ಯಾವಾಗಿಗಿಂತ? ಉತ್ತರ ಸಿಕ್ಕರೆ ಮಾತಿಗೆ ಅರ್ಥವಿದೆ. ಸಿಗದಿದ್ದರೆ ಅದು ಬರಿಯ ಸದ್ದು.