ಗುಂಡಿ ಒತ್ತುವ ಬಿಲ್ಡ್‌ನಿಂದ ತಾನೇ ನಡೆಯುವ ಬಿಲ್ಡ್‌ಗೆ

‘ಯಾಮಲ್ ಕಡತ ಒಂದಿದ್ದರೆ ಬಿಲ್ಡ್ ಮುಗಿದಂತೆ’ ಎಂಬ ಮಾತು ಈಗ ಚಾಲ್ತಿಯಲ್ಲಿದೆ. ಯಾವ ಕೆಲಸ ಯಾವಾಗ, ಯಾವ ಯಂತ್ರದಲ್ಲಿ ನಡೆಯಬೇಕು ಎಂಬುದಷ್ಟೇ ಬಿಲ್ಡ್ ಸರ್ವರ್‌ಗೆ ಬರೆಯುವ ಈ ಯಾಮಲ್‌ಗೆ ಗೊತ್ತು. ಯಾವ ಕಡತ ಬದಲಾದರೆ ಏನನ್ನು ಮತ್ತೆ ಕಂಪೈಲ್ ಮಾಡಬೇಕು ಎಂಬ ಲೆಕ್ಕ ಬಿಲ್ಡ್ ಸಾಧನದ್ದು. ಇವೆರಡನ್ನೂ ಒಂದೇ ಎಂದು ಭಾವಿಸಿದವರು ವಿಂಡೋಸ್‌ನಲ್ಲಿ ಹಿಂದೆಯೂ ಪೆಟ್ಟು ತಿಂದಿದ್ದಾರೆ.

ಆರಂಭದ ಕಥೆ ಚಿಕ್ಕದು. ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್ ಎಂಬ ಬಿಲ್ಡ್ ಸಾಧನದ ಜಾಡಿನಲ್ಲೇ ಮೈಕ್ರೋಸಾಫ್ಟ್‌ನ ಎನ್‌ಮೇಕ್ ಬಂತು. ಅದರ ಸುತ್ತ ಬ್ಯಾಚ್ ಕಡತಗಳು ಬೆಳೆದವು. 1998ರ ವಿಷುವಲ್ ಸಿ ಪ್ಲಸ್ ಪ್ಲಸ್ 6.0ರ ಹೊತ್ತಿಗೆ ಬಹಳಷ್ಟು ತಂಡಗಳಲ್ಲಿ ಬಿಲ್ಡ್ ಎಂದರೆ ಎಫ್‌7 ಗುಂಡಿ ಒತ್ತುವುದು, ಅಷ್ಟೇ.

ನಮ್ಮ ತಲೆಮಾರು ಕಸುಬು ಕಲಿತದ್ದು ಅದರ ಮುಂದಿನ ಹಂತದಲ್ಲಿ. ಜಾವಾದವರ ಆಂಟ್ ನೋಡಿ ಡಾಟ್‌ನೆಟ್‌ನವರು ನಾಂಟ್ ಕಟ್ಟಿಕೊಂಡರು. ಕ್ಲೀನ್, ಕಂಪೈಲ್, ಟೆಸ್ಟ್, ಪ್ಯಾಕೇಜ್ ಎಂದು ಕೆಲಸವನ್ನು ಹಂತಗಳಾಗಿ ಬಿಡಿಸಿ ಬರೆಯುವ ಶಿಸ್ತು ಬಂದದ್ದು ಆಗಲೇ. ಸೋರ್ಸ್ ಬದಲಾದೊಡನೆ ಕ್ರೂಸ್‌ಕಂಟ್ರೋಲ್ ಡಾಟ್‌ನೆಟ್ ಎಂಬ ಬಿಲ್ಡ್ ಸರ್ವರ್ ನಾಂಟ್‌ನ ಎಕ್ಸ್‌ಎಂಎಲ್ ಕಡತವನ್ನು ಓಡಿಸುತ್ತಿತ್ತು. ಎಕ್ಸ್‌ಎಂಎಲ್‌ನಲ್ಲಿ ತರ್ಕ ಬರೆಯುವುದು ಹಿಂಸೆಯೇ. ಆದರೆ ಸರ್ವರ್ ಓಡಿಸುತ್ತಿದ್ದ ಆಜ್ಞೆಯನ್ನೇ ನಮ್ಮ ಮೇಜಿನ ಯಂತ್ರದಲ್ಲೂ ಓಡಿಸಬಹುದಿತ್ತು.

2005ರಲ್ಲಿ ವಿಷುವಲ್ ಸ್ಟುಡಿಯೋ ಜೊತೆ ಎಂಎಸ್‌ಬಿಲ್ಡ್ ಬಂದಾಗ ಪ್ರಾಜೆಕ್ಟ್ ಕಡತವೇ ಬಿಲ್ಡ್ ಕಡತವಾಯಿತು. ಸಿ ಶಾರ್ಪ್ ಪ್ರಾಜೆಕ್ಟನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಳಗಿನ ಹೂರಣವೆಲ್ಲ ಕಾಣುತ್ತದೆ. ಒಂದು ಟಾರ್ಗೆಟ್‌ಗೆ ಇನ್‌ಪುಟ್ಸ್, ಔಟ್‌ಪುಟ್ಸ್ ಎಂದು ಎರಡು ಪಟ್ಟಿ ಕೊಟ್ಟರೆ ಸಾಕು, ಕಡತಗಳ ಸಮಯ ಹೋಲಿಸಿ, ಬೇಡವಾದ ಕೆಲಸವನ್ನು ಅದೇ ಬಿಡುತ್ತದೆ. ನಾಂಟ್ ಈ ಹೊಸ ಸೊಲ್ಯೂಷನ್‌ಗಳನ್ನು ತಾನೇ ಬಿಲ್ಡ್ ಮಾಡಲಾರದೆ ಎಂಎಸ್‌ಬಿಲ್ಡ್‌ಅನ್ನು ಕರೆಯುವ ಮೇಸ್ತ್ರಿಯಾಗಿ ಉಳಿಯಿತು. 2010ರಲ್ಲಿ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್‌ಗಳೂ ಎಂಎಸ್‌ಬಿಲ್ಡ್‌ಗೆ ಬಂದವು. ಹಳೆಯ ಸೆಟಪ್ ಪ್ರಾಜೆಕ್ಟ್‌ಗಳು ಮಾತ್ರ ಬರಲೇ ಇಲ್ಲ. ಅವುಗಳಿಗಾಗಿ ಸರ್ವರ್‌ನಲ್ಲಿ ಪೂರ್ತಿ ವಿಷುವಲ್ ಸ್ಟುಡಿಯೋ ಹಾಕಬೇಕಿತ್ತು.

ಮೈಕ್ರೋಸಾಫ್ಟ್ ಎಡವಿದ್ದು ಬಿಲ್ಡ್‌ಗಳನ್ನೂ ಓಡಿಸುವ ತನ್ನ ಟೀಮ್ ಫೌಂಡೇಶನ್ ಸರ್ವರ್‌ನ 2010ರ ಆವೃತ್ತಿಯಲ್ಲಿ. ಬಿಲ್ಡ್‌ನ ತರ್ಕವನ್ನೇ ಅದು ಜಾಮಲ್ ಎಂಬ ಚಿತ್ರರೂಪದ ವರ್ಕ್‌ಫ್ಲೋಗೆ ಸೇರಿಸಿತು. ನೋಡಲು ಚೆಂದ, ತಿದ್ದಲು ಸಂಕಟ. 2015ರಲ್ಲಿ ಬೇರೆ ವ್ಯವಸ್ಥೆ ಬಂದಾಗ, ತರ್ಕವನ್ನೆಲ್ಲ ಅಲ್ಲಿಟ್ಟವರು ಮೊದಲಿನಿಂದ ಬರೆಯಬೇಕಾಯಿತು. ಎಂಎಸ್‌ಬಿಲ್ಡ್ ಕಡತದಲ್ಲಿ ಇಟ್ಟುಕೊಂಡವರು ಕರೆಯುವ ಸಾಲನ್ನಷ್ಟೇ ಬದಲಿಸಿದರು.

ನಾಂಟ್ ನಂತರ ಬಂದ ಸಾಕೆ, ಫೇಕ್, ಕೇಕ್ ಎಂಬ ಸಾಧನಗಳು ಎಕ್ಸ್‌ಎಂಎಲ್ ಬಿಡಿಸಿ ನಿಜವಾದ ಭಾಷೆಗಳಲ್ಲಿ ಬರೆಯಲು ಬಿಟ್ಟವು. ಕೊನೆಗೆ ಅವೂ ಕರೆಯುವುದು ಎಂಎಸ್‌ಬಿಲ್ಡ್‌ಅನ್ನೇ. ಲಿನಕ್ಸ್‌ಗೂ ಹೋಗಬೇಕಾದ ಸಿ ಪ್ಲಸ್ ಪ್ಲಸ್ ಕೋಡ್‌ಗೆ ಸಿಮೇಕ್, ನಿಂಜಾ ಜೋಡಿಯೇ ಸರಿ. ಬರೀ ಡಾಟ್‌ನೆಟ್ ಇದ್ದಲ್ಲಿ ಅವುಗಳ ಹಂಗು ಬೇಡ.

ಸಾಧನಗಳ ಬಗ್ಗೆ ಬರೆದವರು ವಿಂಡೋಸ್‌ನ ನಿತ್ಯದ ತಾಪತ್ರಯಗಳ ಬಗ್ಗೆ ಬರೆದದ್ದು ಕಡಿಮೆ. ರೋಬೋಕಾಪಿ ಕಡತಗಳನ್ನು ಸರಿಯಾಗಿ ನಕಲು ಮಾಡಿದಾಗ 1 ಎಂಬ ಸಂಖ್ಯೆ ಹಿಂದಿರುಗಿಸುತ್ತದೆ. ಸೊನ್ನೆಯಲ್ಲದ್ದೆಲ್ಲ ಸೋಲು ಎಂದು ನಂಬುವ ಸರ್ವರ್ ಬಿಲ್ಡ್‌ಗೆ ಕೆಂಪು ಬಳಿಯುತ್ತದೆ. 8 ಅಥವಾ ಅದಕ್ಕಿಂತ ಹೆಚ್ಚು ಬಂದರಷ್ಟೇ ಅದು ತಪ್ಪು. ಬ್ಯಾಚ್ ಕಡತದೊಳಗೆ ಇನ್ನೊಂದನ್ನು ‘ಕಾಲ್’ ಪದವಿಲ್ಲದೆ ಕರೆದರೆ ಓಟ ಮೊದಲಿನದಕ್ಕೆ ಮರಳುವುದೇ ಇಲ್ಲ. ಉಳಿದ ಹಂತಗಳು ನಡೆಯದೆಯೂ ಬಿಲ್ಡ್ ಹಸಿರಾಗಬಹುದು. 2017ರ ಆವೃತ್ತಿಯಲ್ಲಿ ಎಂಎಸ್‌ಬಿಲ್ಡ್ ವಿಷುವಲ್ ಸ್ಟುಡಿಯೋದ ಫೋಲ್ಡರಿನೊಳಗೇ ಸೇರಿದ ಮೇಲೆ, ಅದು ಎಲ್ಲಿದೆ ಎಂದು ಹುಡುಕಲು ವಿಎಸ್‌ವೇರ್ ಎಂಬ ಇನ್ನೊಂದು ಸಾಧನ ಬೇಕಾಯಿತು. ಇಂಥವನ್ನು ಬಲ್ಲವರು ಕೆಲಸ ಬಿಟ್ಟು ಹೋದರೆ ತಿಳಿವಳಿಕೆಯೂ ಅವರೊಡನೆ ಹೋಗುತ್ತದೆ, ಏಕೆಂದರೆ ಬಹುತೇಕ ಕಡೆ ಬಿಲ್ಡ್ ಕಡತಕ್ಕೆ ಒಬ್ಬ ಯಜಮಾನನೇ ಇರುವುದಿಲ್ಲ.

ಸಾಧನ ಯಾವುದೇ ಇರಲಿ, ಆರಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಹೊಸದಾಗಿ ಸೇರಿದವರ ಯಂತ್ರದಲ್ಲಿ ಸೋರ್ಸ್ ಇಳಿಸಿಕೊಂಡು, ಸರ್ವರ್ ಓಡಿಸುವ ಆಜ್ಞೆಯನ್ನೇ ಓಡಿಸಿ ನೋಡಿ. ಅಲ್ಲಿ ಬಿಲ್ಡ್ ಆಗದಿದ್ದರೆ ಯಾಮಲ್ ತಿದ್ದುತ್ತ ಕೂರಬೇಡಿ, ಬಿಲ್ಡ್ ಕಡತವನ್ನು ಸರಿಮಾಡಿ.